ಗಣಿತ ಪದವಿ: ಭಯ ಬೇಡ, ಲೆಕ್ಕಾಚಾರ ಇರಲಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಎಷ್ಟೋ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಮಗಳು, ‘ಅಪ್ಪಾ, ನಾನು ಬಿ.ಎಸ್ಸಿ. ಮ್ಯಾಥ್ಸ್ ತಗೋತೀನಿ’ ಎನ್ನುತ್ತಾಳೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿ.ಎಸ್ಸಿ. ಮಾಡ್ಕೊಂಡು ಏನ್ ಮಾಡ್ತೀಯವ್ವಾ? ಟೀಚರ್ ಆಗ್ತೀಯಾ? ಸಿಇಟಿ ಬರ್ದಿದ್ದೀಯಲ್ಲ, ಯಾವುದಾದ್ರೂ ಎಂಜಿನಿಯರಿಂಗ್ ಸೀಟು ನೋಡೋಣ’ ಎನ್ನುತ್ತಾರೆ. ಅಪ್ಪನ ಪ್ರಶ್ನೆ ತಪ್ಪಲ್ಲ. ಬೆವರು ಸುರಿಸಿ ಓದಿಸುವವರಿಗೆ ಅದನ್ನು ಕೇಳುವ ಹಕ್ಕಿದೆ. ಆದರೆ ಆ ಪ್ರಶ್ನೆಗೆ ಉತ್ತರವೂ ಇದೆ. ಅಪ್ಪ, ಮಗಳು ಇಬ್ಬರೂ ಒಟ್ಟಿಗೆ ಕೂತು ಆ ಉತ್ತರವನ್ನು ನೋಡಲಿ ಎಂದೇ ಈ ಲೇಖನ.

ಈ ಭಯ ಹೊಸದೂ ಅಲ್ಲ. ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರನ್ನೇ ನೋಡಿ. ಅವರು ಹುಟ್ಟಿದ್ದು 1920ರಲ್ಲಿ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಹೂವಿನಹಡಗಲಿಯಲ್ಲಿ, ಒಂದು ತೆಲುಗು ಕುಟುಂಬದಲ್ಲಿ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿದಾಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಕೆಲಸ ಸಿಗಲಿಲ್ಲ. ಸೇನೆಯ ಸರ್ವೆ ವಿಭಾಗದ ಹುದ್ದೆಯೊಂದರ ಸಂದರ್ಶನಕ್ಕೆಂದು ಕಲ್ಕತ್ತಕ್ಕೆ ಹೋದರು, ಅದೂ ದಕ್ಕಲಿಲ್ಲ. ಅಲ್ಲಿ ಪರಿಚಯವಾದ ಒಬ್ಬರಿಂದ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ತಿಳಿಯಿತು. 1941ರ ಜನವರಿಯಲ್ಲಿ ಅಲ್ಲಿಗೆ ತರಬೇತಿಗೆ ಸೇರಿಕೊಂಡರು. 1945ರಲ್ಲಿ ಅವರು ಬರೆದ ಒಂದು ಪ್ರಬಂಧದ ಫಲಿತಾಂಶಗಳನ್ನು ಇವತ್ತಿಗೂ ಜಗತ್ತಿನ ಸಂಖ್ಯಾಶಾಸ್ತ್ರ ವಿದ್ಯಾರ್ಥಿಗಳು ಅವರ ಹೆಸರಿನಿಂದಲೇ ಓದುತ್ತಾರೆ. 2001ರಲ್ಲಿ ಪದ್ಮವಿಭೂಷಣ ಬಂತು, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಎಲ್ಲರೂ ರಾವ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಅವರ ಬದುಕಿನಿಂದ ನಾವು ಕಲಿಯಬೇಕಾದದ್ದು ಒಂದು ಸಣ್ಣ ಸಂಗತಿ. ಗಣಿತವೊಂದೇ ಕೈಯಲ್ಲಿದ್ದಾಗ ಅವರಿಗೆ ಬಾಗಿಲು ತೆರೆಯಲಿಲ್ಲ. ಅದರ ಜೊತೆಗೆ ಸಂಖ್ಯಾಶಾಸ್ತ್ರ ಸೇರಿದಾಗ ತೆರೆಯಿತು. ನಾನು ಹೇಳಹೊರಟಿರುವುದೂ ಇದನ್ನೇ: ಗಣಿತವನ್ನು ಧೈರ್ಯವಾಗಿ ಆರಿಸಿಕೊಳ್ಳಿ, ಆದರೆ ಜೊತೆಗೊಂದು ವಿದ್ಯೆ ಇರಲಿ.

ಭಯದಲ್ಲಿ ನಿಜವೆಷ್ಟು?

ಎಂಜಿನಿಯರಿಂಗ್ ಓದಿದವರಿಗೆ, ನರ್ಸಿಂಗ್ ಓದಿದವರಿಗೆ ಅವರ ಪದವಿಯ ಹೆಸರಿನಲ್ಲೇ ಹುದ್ದೆಗಳಿವೆ. ‘ಗಣಿತಜ್ಞರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಪತ್ರಿಕೆಯಲ್ಲಿ ಕಾಣುವುದು ಅಪರೂಪ. ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿಗೆ ಕ್ಯಾಂಪಸ್ ಸಂದರ್ಶನಕ್ಕೆ ಕಂಪನಿಗಳು ಸಾಲುಗಟ್ಟಿ ಬರುವುದಿಲ್ಲ. ಬರೀ ಬಿ.ಎಸ್ಸಿ.ಗೆ ನಿಲ್ಲಿಸಿದರೆ ಆರಂಭದ ಸಂಬಳ ಸಾಧಾರಣವೇ. ಒಳ್ಳೆಯ ಕೆಲಸಗಳಿಗೆ ಎಂ.ಎಸ್ಸಿ., ಎಂಸಿಎ, ಬಿ.ಎಡ್. ಹೀಗೆ ಇನ್ನೆರಡು ವರ್ಷದ ಓದು ಬೇಕಾಗುತ್ತದೆ. ಇಷ್ಟೂ ನಿಜ. ಇದನ್ನು ಮೊದಲೇ ತಿಳಿದು ಹೊರಟವರು ಆಮೇಲೆ ನೊಂದುಕೊಳ್ಳುವುದಿಲ್ಲ.

‘ಗಣಿತ ಓದಿದರೆ ಮೇಷ್ಟ್ರ ಕೆಲಸ ಬಿಟ್ಟು ಬೇರೆ ಗತಿಯಿಲ್ಲ’ ಎಂಬುದು ಮಾತ್ರ ಸುಳ್ಳು. ವಿಮೆಯ ಕಂತು ನಿಗದಿಯಾಗುವುದು ಯಾವ ವಯಸ್ಸಿನವರಲ್ಲಿ ಸಾವಿನ ಸಂಭವ ಎಷ್ಟು ಎಂಬ ಕೋಷ್ಟಕದಿಂದ. ಫೋನಿನಲ್ಲಿ ಹಣ ಕಳಿಸುವಾಗ ಅದನ್ನು ಕಾಯುವ ಗುಪ್ತಲಿಪಿಯ ಬುಡದಲ್ಲಿ ಸಂಖ್ಯಾಸಿದ್ಧಾಂತವಿದೆ. ಕೃತಕ ಬುದ್ಧಿಮತ್ತೆ ಎಂದು ಎಲ್ಲರೂ ಮಾತಾಡುವ ಯಂತ್ರದ ಒಳಗೆ ನಡೆಯುವುದು ಮಾತೃಕೆಗಳ ಗುಣಾಕಾರ, ಸಂಭವನೀಯತೆ, ಕಲನಶಾಸ್ತ್ರ. ಅಷ್ಟಕ್ಕೂ ಗಣಿತವನ್ನು ಹೊಟ್ಟೆಪಾಡಿನಿಂದ ದೂರ ಇಟ್ಟ ಪರಂಪರೆ ನಮ್ಮದಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕವನ್ನೂ ಚಿನ್ನದ ಬೆರಕೆಯ ಲೆಕ್ಕವನ್ನೂ ಬಿಡಿಸಿದ. ಹನ್ನೆರಡನೇ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯನ ಕೃತಿಯ ಹೆಸರು ‘ವ್ಯವಹಾರಗಣಿತ’.

ಮೊದಲು ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ

ಪಿಯುಸಿ ಗಣಿತದಲ್ಲಿ ನೂರಕ್ಕೆ ನೂರು ಬಂದಿದೆ ಎಂಬುದೊಂದೇ ಈ ಪದವಿಗೆ ಸಾಕಾಗುವ ಕಾರಣವಲ್ಲ. ಪಿಯುಸಿಯಲ್ಲಿ ಸೂತ್ರ ಹಾಕಿ ಉತ್ತರ ತೆಗೆಯುತ್ತೇವೆ. ಪದವಿಯಲ್ಲಿ ಆ ಸೂತ್ರ ಏಕೆ ಸರಿ, ಎಲ್ಲಿ ಅದು ನಡೆಯುವುದಿಲ್ಲ ಎಂದು ಕೇಳುತ್ತಾರೆ. ರಿಯಲ್ ಅನಾಲಿಸಿಸ್, ಗ್ರೂಪ್ ಥಿಯರಿ, ಲೀನಿಯರ್ ಆಲ್ಜಿಬ್ರಾ ಎಂಬ ಪತ್ರಿಕೆಗಳ ತುಂಬ ಪ್ರಮೇಯಗಳು, ಅವುಗಳ ಸಾಧನೆಗಳು. ಲೆಕ್ಕ ಬೇಗ ಬಿಡಿಸುವ ಕೈಗಿಂತ, ಒಂದೇ ಪ್ರಶ್ನೆಯ ಎದುರು ಗಂಟೆಗಟ್ಟಲೆ ಕೂರುವ ತಾಳ್ಮೆ ಇಲ್ಲಿ ಹೆಚ್ಚು ಬೇಕು.

ಆ ತಾಳ್ಮೆ ನಿಮ್ಮಲ್ಲಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಹತ್ತನೇ ತರಗತಿಯಲ್ಲಿ 2ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿದ್ದು ನೆನಪಿದೆಯೇ? ಆ ಪಾಠವನ್ನು ಮತ್ತೆ ಓದಿ, ಪುಸ್ತಕ ಮುಚ್ಚಿಟ್ಟು ಸಾಧನೆಯನ್ನು ಬರೆಯಿರಿ. ಬಳಿಕ ಅದೇ ದಾರಿಯಲ್ಲಿ 3ರ ವರ್ಗಮೂಲಕ್ಕೂ ಬರೆಯಿರಿ. ಆಮೇಲೆ 4ಕ್ಕೆ ಪ್ರಯತ್ನಿಸಿ. 4ರ ವರ್ಗಮೂಲ 2 ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಆ ಸಾಧನೆ ಎಲ್ಲೋ ಒಂದು ಹೆಜ್ಜೆಯಲ್ಲಿ ಮುರಿದು ಬೀಳಲೇಬೇಕು. ಯಾವ ಹೆಜ್ಜೆ? 2 ಮತ್ತು 3 ಅವಿಭಾಜ್ಯ ಸಂಖ್ಯೆಗಳು, 4 ಅಲ್ಲ ಎಂಬುದರಲ್ಲೇ ಗುಟ್ಟಿದೆ. ಇದನ್ನು ಹುಡುಕುತ್ತಾ ಊಟದ ಹೊತ್ತು ಮರೆತಿರಾದರೆ ಗಣಿತ ನಿಮಗೆ ಒಗ್ಗುತ್ತದೆ. ‘ಉತ್ತರ ಗೊತ್ತಿದೆಯಲ್ಲ, ಇದೆಲ್ಲ ಯಾಕೆ’ ಎನ್ನಿಸಿತೇ? ಅದೂ ತಪ್ಪಲ್ಲ. ನಿಮ್ಮ ಒಲವು ಗಣಿತವನ್ನು ಬಳಸುವ ಕಡೆಗಿದೆ. ಎಂಜಿನಿಯರಿಂಗ್, ಬಿಸಿಎ, ವಾಣಿಜ್ಯ ನಿಮಗೆ ಹೆಚ್ಚು ಹಿಡಿಸಬಹುದು.

ಕಾಂಬಿನೇಷನ್ ಆರಿಸುವಾಗ

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ 2024–25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ, ಮೂರು ಮುಖ್ಯ ವಿಷಯಗಳ ಪದ್ಧತಿಯೂ ಮರಳಿದೆ. ಗಣಿತದ ಜೊತೆಗೆ ಬರುವ ಆ ಎರಡು ವಿಷಯಗಳೇ ನಿಮ್ಮ ಮುಂದಿನ ದಾರಿಯನ್ನು ಅರ್ಧ ತೀರ್ಮಾನಿಸುತ್ತವೆ. ಆದ್ದರಿಂದ ‘ಯಾವ ಕಾಲೇಜು’ ಎಂದು ಕೇಳುವಷ್ಟೇ ಎಚ್ಚರದಿಂದ ‘ಯಾವ ಕಾಂಬಿನೇಷನ್’ ಎಂದೂ ಕೇಳಿ.

ಹೈಸ್ಕೂಲು ಶಿಕ್ಷಕರಾಗುವ ಆಸೆ ಇದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ಪಿಸಿಎಂ ಒಳ್ಳೆಯದು. ಸಾಫ್ಟ್‌ವೇರ್ ಕಡೆ ಮನಸ್ಸಿದ್ದರೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ. ನಿಮಗೆ ಸಿಗುವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಇದೆಯೇ ಎಂದು ಮಾತ್ರ ತಪ್ಪದೆ ವಿಚಾರಿಸಿ. ಅದಕ್ಕೊಂದು ಗಟ್ಟಿ ಕಾರಣವಿದೆ. ಯುಪಿಎಸ್‌ಸಿ ನಡೆಸುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆ ಬರೆಯಲು ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು. ಬರೀ ಗಣಿತ ಓದಿದವರಿಗೆ ಅವಕಾಶವಿಲ್ಲ. ಕೇಂದ್ರ ಸರ್ಕಾರದ ಈ ‘ಎ’ ದರ್ಜೆಯ ಸೇವೆ ಒಂದೇ ಒಂದು ವಿಷಯದ ಆಯ್ಕೆಯಿಂದಾಗಿ ಕೈತಪ್ಪಿತಲ್ಲ ಎಂದು ಆಮೇಲೆ ಪೇಚಾಡುವಂತೆ ಆಗಬಾರದು.

ಎಲ್ಲಿ ಓದಬಹುದು?

ಗಣಿತಕ್ಕೆಂದೇ ಇರುವ ದೊಡ್ಡ ಸಂಸ್ಥೆಗಳು ನಮ್ಮ ಸುತ್ತಮುತ್ತಲೇ ಇವೆ. ಹಳ್ಳಿಯ ಮಕ್ಕಳಿಗೆ ಅವುಗಳ ಹೆಸರು ತಲುಪುವುದಿಲ್ಲ ಎಂಬುದೇ ಬೇಸರ. ರಾವ್ ಸೇರಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬೆಂಗಳೂರಿನ ಮೈಸೂರು ರಸ್ತೆಯಲ್ಲೊಂದು ಕೇಂದ್ರವಿದೆ. ಅಲ್ಲಿ ಬಿ.ಮ್ಯಾಥ್ ಎಂಬ ಗಣಿತ ಪದವಿ ಇದೆ. ಪ್ರವೇಶ ಪರೀಕ್ಷೆ ಕಠಿಣ, ಆದರೆ ಆಯ್ಕೆಯಾದವರಿಗೆ ತಿಂಗಳಿಗೊಂದು ಶಿಷ್ಯವೇತನವೂ ಸಿಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಸಂಶೋಧನಾ ಪದವಿ ನಡೆಯುತ್ತಿದೆ. ಗಣಿತವನ್ನು ಅಲ್ಲಿ ಮುಖ್ಯ ವಿಷಯವಾಗಿ ಓದಬಹುದು. ಚೆನ್ನೈ ಹತ್ತಿರದ ಸಿರುಸೇರಿಯಲ್ಲಿರುವ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನವನ್ನು ಜೊತೆಜೊತೆಗೆ ಕಲಿಸುತ್ತಾರೆ. ಪುಣೆ, ತಿರುಪತಿ, ತಿರುವನಂತಪುರ ಸೇರಿ ಏಳು ಕಡೆ ಇರುವ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಲ್ಲಿ ಐದು ವರ್ಷದ ಬಿಎಸ್–ಎಂಎಸ್ ಇದೆ. ಶಿಕ್ಷಕರಾಗಲು ನಿರ್ಧರಿಸಿದವರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ಮರೆಯಬಾರದು. ಪದವಿ ಮತ್ತು ಬಿ.ಎಡ್. ಎರಡನ್ನೂ ಒಟ್ಟಿಗೆ ಕಲಿಸುವ ಕೋರ್ಸ್‌ಗಳಿಗೆ ಅದು ಹೆಸರಾಗಿದೆ.

ಇವುಗಳಿಗೆ ಅರ್ಜಿ ಕರೆಯುವುದು ಹೆಚ್ಚಾಗಿ ಪಿಯುಸಿ ಪರೀಕ್ಷೆಯ ಆಸುಪಾಸಿನಲ್ಲೇ. ಫಲಿತಾಂಶ ಬಂದಮೇಲೆ ನೋಡೋಣ ಎಂದರೆ ಆ ವರ್ಷ ಕೈಬಿಟ್ಟಂತೆಯೇ. ಜನವರಿಯಿಂದಲೇ ಅವುಗಳ ಜಾಲತಾಣ ನೋಡುತ್ತಿರಿ.

ಇವು ಯಾವುವೂ ಸಿಗಲಿಲ್ಲ ಎಂದರೆ ಕತೆ ಮುಗಿಯಲಿಲ್ಲ. ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿ, ಮೂರನೇ ವರ್ಷದಲ್ಲಿ ‘ಜ್ಯಾಮ್’ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳ ಎಂ.ಎಸ್ಸಿ.ಗೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್‌.ಡಿ.ಗೂ ದಾರಿಯಿದೆ. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ, ಎಲ್ಲೆಡೆಯೂ ಗಣಿತದ ಎಂ.ಎಸ್ಸಿ. ಇದೆ. ಗಣಿತಕ್ಕೆ ದುಬಾರಿ ಪ್ರಯೋಗಾಲಯ ಬೇಡ. ಒಳ್ಳೆಯ ಮೇಷ್ಟ್ರು ಒಬ್ಬರು, ಗ್ರಂಥಾಲಯದ ನಾಲ್ಕು ಪುಸ್ತಕ, ಎನ್‌ಪಿಟೆಲ್‌ನ ಉಚಿತ ಆನ್‌ಲೈನ್ ಪಾಠಗಳು ಇದ್ದರೆ ಸಣ್ಣ ಊರಿನ ಕಾಲೇಜೂ ಸಾಲುತ್ತದೆ.

ಓದಿದ ಮೇಲೆ ಯಾವ ದಾರಿ?

ಬೋಧನೆ: ಬಿ.ಎಸ್ಸಿ. ಆದಮೇಲೆ ಬಿ.ಎಡ್. ಮಾಡಿ, ಟಿಇಟಿ ಮತ್ತು ನೇಮಕಾತಿ ಪರೀಕ್ಷೆಗಳ ಮೂಲಕ ಶಾಲಾ ಶಿಕ್ಷಕರಾಗಬಹುದು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎಸ್ಸಿ.ಯಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅಥವಾ ಕೆಸೆಟ್ ಅರ್ಹತೆ ಬೇಕು. ಸರ್ಕಾರಿ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾಗಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಹೊರಡಿ. ಕಲಿಸುವ ಪ್ರೀತಿ ಇದ್ದವರು ಇದನ್ನು ‘ಬೇರೆ ಗತಿಯಿಲ್ಲದೆ’ ಹಿಡಿಯುವ ಕೆಲಸ ಎಂದುಕೊಳ್ಳಬೇಡಿ. ಗಣಿತ ಕಂಡರೆ ನಡುಗುವ ಮಕ್ಕಳಿರುವ ನಾಡಿಗೆ ಒಳ್ಳೆಯ ಗಣಿತ ಮೇಷ್ಟ್ರಿಗಿಂತ ದೊಡ್ಡ ಅಗತ್ಯ ಇನ್ನೊಂದಿಲ್ಲ.

ಸರ್ಕಾರಿ ಪರೀಕ್ಷೆಗಳು: ಬ್ಯಾಂಕ್, ರೈಲ್ವೆ, ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ಲೆಕ್ಕದ ಭಾಗ ಬಹಳ ಜನರನ್ನು ಕೆಡವುತ್ತದೆ, ನಿಮಗೆ ಅಲ್ಲೇ ಅನುಕೂಲ. ಎಸ್‌ಎಸ್‌ಸಿ ಪದವಿ ಮಟ್ಟದ ಪರೀಕ್ಷೆಯಲ್ಲಿ ಕಿರಿಯ ಸಂಖ್ಯಾಶಾಸ್ತ್ರ ಅಧಿಕಾರಿ ಎಂಬ ಹುದ್ದೆಯಿದೆ. ಪಿಯುಸಿ ಗಣಿತದಲ್ಲಿ ಶೇ 60 ಅಂಕ ಪಡೆದ ಪದವೀಧರರು, ಇಲ್ಲವೇ ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದಿದವರು ಅದಕ್ಕೆ ಅರ್ಹರು. ಐಎಎಸ್ ಕನಸಿರುವವರು ಮುಖ್ಯ ಪರೀಕ್ಷೆಗೆ ಗಣಿತವನ್ನೇ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು.

ವಿಮಾ ಗಣಿತ: ಆಕ್ಚುಯರಿ ಎಂದು ಕರೆಯುವ ಈ ವೃತ್ತಿಯ ಹೆಸರು ನಮ್ಮಲ್ಲಿ ಕೇಳಿದವರೇ ಕಡಿಮೆ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ನಡೆಸುವ ಪ್ರವೇಶ ಪರೀಕ್ಷೆಯನ್ನು ಪಿಯುಸಿ ಆದಮೇಲೆಯೇ ಬರೆಯಬಹುದು. ಅನಂತರ ಒಂದೊಂದೇ ಪತ್ರಿಕೆ ಪಾಸಾಗುತ್ತಾ ಹೋಗಬೇಕು. ಹಲವು ವರ್ಷ ಹಿಡಿಯುತ್ತದೆ, ಪ್ರತಿ ಪತ್ರಿಕೆಗೂ ಶುಲ್ಕವಿದೆ. ಕೆಲವು ಪತ್ರಿಕೆ ಮುಗಿಸಿದವರು ವಿಮಾ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿ, ದುಡಿಯುತ್ತಲೇ ಉಳಿದವನ್ನು ಬರೆಯುತ್ತಾರೆ. ಸಂಭವನೀಯತೆ ನಿಮಗೆ ಇಷ್ಟವಾದರೆ ಯೋಚಿಸಬೇಕಾದ ದಾರಿ ಇದು.

ಕಂಪ್ಯೂಟರ್ ಮತ್ತು ದತ್ತಾಂಶ: ಗಣಿತ ಪದವೀಧರರಿಗೆ ಎಂಸಿಎ ಸಹಜವಾದ ಮುಂದಿನ ಹೆಜ್ಜೆ. ರಾಜ್ಯದ ಪಿಜಿಸಿಇಟಿ ಮೂಲಕ ಸೇರಬಹುದು. ‘ನಿಮ್‌ಸೆಟ್’ ಪ್ರವೇಶ ಪರೀಕ್ಷೆ ಬರೆದರೆ ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಸೇರಬಹುದು. ವಿಪ್ರೊದಂಥ ಕಂಪನಿಗಳು ಬಿ.ಎಸ್ಸಿ., ಬಿಸಿಎ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸದ ಜೊತೆಗೇ ಎಂ.ಟೆಕ್. ಓದಿಸುವ ಯೋಜನೆಗಳನ್ನು ನಡೆಸುತ್ತಿವೆ. ಐಐಟಿ ಮದ್ರಾಸ್ 2020ರಲ್ಲಿ ಘೋಷಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿಯನ್ನು ನಿಮ್ಮ ಬಿ.ಎಸ್ಸಿ.ಯ ಜೊತೆಯಲ್ಲೇ ಓದಬಹುದು. ಬಡ ಕುಟುಂಬದ ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿಯೂ ಇದೆ. ಒಂದು ಎಚ್ಚರಿಕೆ: ‘ಆರು ತಿಂಗಳಲ್ಲಿ ಡೇಟಾ ಸೈಂಟಿಸ್ಟ್ ಮಾಡುತ್ತೇವೆ, ಕೆಲಸ ಗ್ಯಾರಂಟಿ’ ಎನ್ನುವ ಜಾಹೀರಾತು ನಂಬಿ ಲಕ್ಷಗಟ್ಟಲೆ ಸುರಿಯಬೇಡಿ. ಪೈಥಾನ್, ಎಸ್‌ಕ್ಯುಎಲ್ ಎರಡನ್ನೂ ಕಾಸಿಲ್ಲದೆ ಕಲಿಯಲು ಬರುತ್ತದೆ. ಅವುಗಳ ಅಡಿಯಲ್ಲಿರಬೇಕಾದ ಗಣಿತ ಹೇಗೂ ನಿಮ್ಮ ಪಠ್ಯದಲ್ಲೇ ಇದೆ.

ಸಂಶೋಧನೆ: ಇದು ದೀರ್ಘ ಪ್ರಯಾಣ. ಎಂ.ಎಸ್ಸಿ., ಪಿಎಚ್‌.ಡಿ., ಬಳಿಕ ಇನ್ನೂ ಕೆಲವು ವರ್ಷ. ಆದರೆ ಪಿಎಚ್‌.ಡಿ. ಓದುವಾಗ ಫೆಲೋಶಿಪ್ ಬರುವುದರಿಂದ ಮನೆಗೆ ಹೊರೆಯಾಗುವುದಿಲ್ಲ. ಅಣುಶಕ್ತಿ ಇಲಾಖೆಯ ಅಡಿಯಲ್ಲಿರುವ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಎಂ.ಎಸ್ಸಿ.ಗೂ ಪಿಎಚ್‌.ಡಿ.ಗೂ ಶಿಷ್ಯವೇತನ ಕೊಡುತ್ತದೆ. ಅನ್ವಯಿಕ ಗಣಿತಕ್ಕೆಂದೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಬೆಂಗಳೂರಿನಲ್ಲಿದೆ.

ಮೂರು ವರ್ಷದ ಲೆಕ್ಕಾಚಾರ

ಮೊದಲ ವರ್ಷ ಬೇರು ಗಟ್ಟಿ ಮಾಡಿಕೊಳ್ಳಿ. ಗೈಡ್ ಬದಿಗಿಟ್ಟು ಒಂದು ಮೂಲ ಪಠ್ಯಪುಸ್ತಕವನ್ನು ಹಿಡಿಯಿರಿ. ವಾರಕ್ಕೆ ನಾಲ್ಕು ಪ್ರಮೇಯಗಳನ್ನು ಪುಸ್ತಕ ನೋಡದೆ ಬರೆಯುವ ಅಭ್ಯಾಸ ಮಾಡಿ. ಜೊತೆಗೆ ಪೈಥಾನ್ ಕಲಿಯಲು ಶುರು ಮಾಡಿ. ಕಾಲೇಜಿನ ಲ್ಯಾಬಿನಲ್ಲಿ ವಾರಕ್ಕೆರಡು ಗಂಟೆ ಸಿಕ್ಕರೂ ಸಾಕು.

ಎರಡನೇ ವರ್ಷ ಊರಿನಿಂದಾಚೆ ನೋಡಿ. 1993ರಲ್ಲಿ ಆರಂಭವಾದ ‘ಎಂಟಿಟಿಎಸ್’ ಬೇಸಿಗೆ ಶಿಬಿರಗಳಲ್ಲಿ ದೇಶದ ಉತ್ತಮ ಗಣಿತ ಅಧ್ಯಾಪಕರು ಪದವಿ ವಿದ್ಯಾರ್ಥಿಗಳಿಗೆ ವಾರಗಟ್ಟಲೆ ಪಾಠ ಮಾಡುತ್ತಾರೆ. ಕಂಠಪಾಠ ಬಿಟ್ಟು ಯೋಚಿಸುವುದನ್ನು ಕಲಿಸುವುದೇ ಅದರ ಉದ್ದೇಶ. ಪದವಿ ವಿದ್ಯಾರ್ಥಿಗಳಿಗಾಗಿಯೇ ಇರುವ ಮಾಧವ ಗಣಿತ ಸ್ಪರ್ಧೆಯನ್ನೂ ಬರೆದು ನೋಡಿ. ಸಂಖ್ಯಾಶಾಸ್ತ್ರವೋ, ಕಂಪ್ಯೂಟರೋ, ವಿಮೆಯೋ, ಬೋಧನೆಯೋ, ನಿಮ್ಮ ‘ಜೊತೆಗೊಂದು’ ಯಾವುದೆಂದು ಈ ವರ್ಷ ಮುಗಿಯುವುದರೊಳಗೆ ತೀರ್ಮಾನಿಸಿ.

ಮೂರನೇ ವರ್ಷ ದಿನಾಂಕಗಳ ವರ್ಷ. ‘ಜ್ಯಾಮ್’ಗೆ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ನಿಮ್‌ಸೆಟ್, ಪಿಜಿಸಿಇಟಿ, ಬಿ.ಎಡ್. ಪ್ರವೇಶ ಇವುಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಒಂದೇ ಪರೀಕ್ಷೆಯನ್ನು ನೆಚ್ಚಿ ಕೂರಬೇಡಿ. ಕನಿಷ್ಠ ಮೂರಕ್ಕೆ ಅರ್ಜಿ ಹಾಕಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಪದವಿಯ ಗಣಿತ ಪುಸ್ತಕಗಳು ಇಂಗ್ಲಿಷಿನಲ್ಲೇ ಇರುವುದರಿಂದ ಮೊದಲ ಸೆಮಿಸ್ಟರ್‌ನಲ್ಲಿ ಹೆದರಿಕೆ ಸಹಜ. ಸಮಾಧಾನದ ಸಂಗತಿ ಎಂದರೆ ಗಣಿತದ ಇಂಗ್ಲಿಷ್ ಬಹಳ ಚಿಕ್ಕದು. ಅವೇ ಕೆಲವು ನೂರು ಪದಗಳು ಮತ್ತೆ ಮತ್ತೆ ಬರುತ್ತವೆ. ಪ್ರತಿಯೊಂದು ವ್ಯಾಖ್ಯೆ ಓದಿದಾಗಲೂ ಅದರ ಅರ್ಥವನ್ನು ನೋಟ್‌ಬುಕ್ಕಿನಲ್ಲಿ ನಿಮ್ಮದೇ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಕನ್ನಡದಲ್ಲಿ ಹೇಳಲು ಬಂದರೆ ಅರ್ಥವಾಗಿದೆ ಎಂದು ತಿಳಿಯಿರಿ, ಬರದಿದ್ದರೆ ಮತ್ತೊಮ್ಮೆ ಓದಿ. ಹೀಗೆ ಮಾಡಿದವರಿಗೆ ಒಂದು ವರ್ಷದಲ್ಲಿ ಭಾಷೆಯ ಅಡ್ಡಿ ಕರಗುತ್ತದೆ.

ತಂದೆ–ತಾಯಿಗೆ ಒಂದು ಮಾತು

ಮನೆಯಲ್ಲಿ ಮೂರು ವರ್ಷದೊಳಗೆ ದುಡಿಮೆ ಶುರುವಾಗಲೇಬೇಕಾದ ಸ್ಥಿತಿ ಇದ್ದರೆ ಅದನ್ನು ಮಕ್ಕಳಿಗೆ ಬಿಚ್ಚಿ ಹೇಳಿ. ಆಗಲೂ ಗಣಿತವನ್ನು ಕೈಬಿಡಬೇಕಿಲ್ಲ. ಕಂಪ್ಯೂಟರ್ ವಿಜ್ಞಾನ ಇರುವ ಕಾಂಬಿನೇಷನ್ ಕೊಡಿಸಿ, ಬ್ಯಾಂಕ್ ಅಥವಾ ಕಂಪನಿ ಕೆಲಸಕ್ಕೆ ಮೊದಲ ಗುರಿ ಇಟ್ಟುಕೊಂಡು, ಮುಂದಿನ ಓದನ್ನು ದೂರಶಿಕ್ಷಣದಲ್ಲಿ ಮುಂದುವರಿಸಬಹುದು. ಅಷ್ಟು ತುರ್ತಿಲ್ಲದಿದ್ದರೆ ಮಗುವಿಗೆ ಐದು ವರ್ಷ ಕೊಡಿ. ಇಷ್ಟವಿಲ್ಲದ ಸೀಟಿಗೆ ಸಾಲ ಮಾಡಿ ಹಣ ಕಟ್ಟಿ, ಬ್ಯಾಕ್‌ಲಾಗ್‌ಗಳ ಜೊತೆ ಹೊರಬರುವ ಪದವಿಗಿಂತ, ಸರ್ಕಾರಿ ಕಾಲೇಜಿನ ಕಡಿಮೆ ಶುಲ್ಕದಲ್ಲಿ ಮನಸ್ಸಿಟ್ಟು ಓದಿದ ಪದವಿ ಹೆಚ್ಚು ಬಾಳುತ್ತದೆ.

ವಿದ್ಯಾರ್ಥಿಗಳೇ, ಇವತ್ತು ರಾತ್ರಿಯೇ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ‘ಗಣಿತ’ ಎಂದು ಬರೆಯಿರಿ. ಬಲಗಡೆ ನೀವು ಅದರ ಜೊತೆಗೆ ಕಲಿಯುವ ಒಂದು ವಿದ್ಯೆ, ಕೆಳಗೆ ಮೂರು ಪ್ರವೇಶ ಪರೀಕ್ಷೆಗಳ ಹೆಸರು, ಅವುಗಳ ಅರ್ಜಿಯ ತಿಂಗಳು. ಆ ಹಾಳೆಯನ್ನು ಅಪ್ಪ–ಅಮ್ಮನ ಮುಂದಿಟ್ಟು ಮಾತಾಡಿ. ‘ಏನ್ ಮಾಡ್ತೀಯಾ’ ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಇಟ್ಟುಕೊಂಡವರು ಗಣಿತವನ್ನು ಧೈರ್ಯವಾಗಿ ಓದಬಹುದು.